ಮಾನಿಟರ್ ಚುನಾವಣೆ

28 ವರ್ಷಗಳಿಂದ ಪಾಠ ಹೇಳಿಕೊಂಡು ಬಂದಿರುವ ನನಗೆ ಮಾನಿಟರ್ ಎಂದರೆ ಒಬ್ಬ ಹುಡುಗ ಅಥವಾ ಹುಡುಗಿ. ನಾನು ಸ್ಟಾಫ್ ರೂಮಿಗೆ ಹೋದ ಹೊತ್ತಿನಲ್ಲಿ ಕರಿಹಲಗೆಯ ಮೂಲೆಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆಯುವುದು, ಸೀಮೆಸುಣ್ಣ ತರುವುದು, ನೋಟ್ ಪುಸ್ತಕಗಳ ಅಟ್ಟಿ ಹೊರುವುದು ಆ ಹುದ್ದೆಯ ಕರ್ತವ್ಯಗಳು. ಪ್ರತಿ ಜೂನ್ ತಿಂಗಳಲ್ಲಿ ಚೀಟಿ ಹಾಕಿಸಿ ಚುನಾವಣೆ ನಡೆಸುತ್ತೇನೆ. ಹೀಗಿರುವಾಗ ಮಗಳು, “ಅಮ್ಮಾ, ನಂಗೊಂದು ಅಗಲದ ಮಾನಿಟರ್ ಆರಿಸ್ಬೇಕು, ನೀನೂ ಸ್ವಲ್ಪ ನೋಡು” ಎಂದಾಗ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಒಂಬತ್ತನೆಯ ತರಗತಿಯ, ಅಗಲ ಭುಜದ ಒಬ್ಬ ಹುಡುಗ.

ಮಗಳು 2020ರ ಲಾಕ್‌ಡೌನಿನಲ್ಲಿ ಎರಡು ಬ್ಯಾಗು ಹಿಡಿದುಕೊಂಡು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದವಳು ಇಲ್ಲಿಯೇ ಉಳಿದಳು. ಶಾಲಾ ಮಕ್ಕಳ ಪಾಠದ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ಅವಳ ಉದ್ಯೋಗ. ಅವಳ ಲ್ಯಾಪ್‌ಟಾಪಿನ ಕೆಳಭಾಗದಲ್ಲಿ ರೈಲು ಬೋಗಿಗಳ ಹಾಗೆ ಬಣ್ಣಬಣ್ಣದ ಪಟ್ಟಿಗಳು ಸಾಲಾಗಿ ಹೋಗುತ್ತವೆ. ಅದಕ್ಕೆ ಟೈಮ್‌ಲೈನ್ ಎನ್ನುತ್ತಾರೆ. ಪರದೆ 15 ಇಂಚಿನದು. ಇಂಜಿನ್ ಕಂಡರೆ ಗಾರ್ಡಿನ ಡಬ್ಬಿ ಕಾಣದು, ಗಾರ್ಡು ಕಂಡರೆ ಇಂಜಿನ್ ಇಲ್ಲ. ಆ ರೈಲನ್ನು ದಿನವಿಡೀ ಹಿಂದಕ್ಕೂ ಮುಂದಕ್ಕೂ ತಳ್ಳಿ ತಳ್ಳಿ ಅವಳ ಬಲಗೈ ಮಣಿಕಟ್ಟಿಗೆ ರಾತ್ರಿ ನಾನು ಎಣ್ಣೆ ತಿಕ್ಕಬೇಕಾಗುತ್ತಿತ್ತು.

ಊಟವಾದ ಮೇಲೆ ಅವಳು ಆಟ ಆಡುತ್ತಾಳೆ. ಏನು ಆಟ ಅಂತೀರಿ? ಲಾರಿ ಓಡಿಸುವುದು! ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಎಂದು ಅದರ ಹೆಸರು. ಪ್ರಾಗ್ ನಗರದ ಕಂಪನಿಯೊಂದು 2012ರಲ್ಲಿ ಹೊರತಂದದ್ದು. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ಸರಕು ಹೇರಿಕೊಂಡು ಯುರೋಪಿನ ರಸ್ತೆಗಳಲ್ಲಿ ಊರಿಂದೂರಿಗೆ ಹೋಗುವುದು, ಸಿಗ್ನಲ್ಲಿನಲ್ಲಿ ನಿಲ್ಲುವುದು, ಡೀಸೆಲ್ ಹಾಕಿಸುವುದು, ವೇಗ ಮೀರಿದರೆ ದಂಡ ಕಟ್ಟುವುದು. ನೋಡುವವರಿಗೆ ಇದೂ ಒಂದು ಆಟವೇ ಅನ್ನಿಸೀತು. ಆದರೆ ಅವಳ ಮುಖದಲ್ಲಿ ಆಗ ಇರುವ ನೆಮ್ಮದಿ ಇಡೀ ದಿನ ಬೇರೆ ಯಾವಾಗಲೂ ಕಾಣುವುದಿಲ್ಲ.

ಮಾನಿಟರಿನ ಮಾತೆತ್ತಿದಾಗ ನಮ್ಮವರು ಕೇಳಿದ ಮೊದಲ ಪ್ರಶ್ನೆ, “ಕೆಲಸಕ್ಕೋ, ಆಟಕ್ಕೋ?”

“ಕೆಲಸಕ್ಕೇ ಅಪ್ಪಾ” ಎಂದಳು ಮಗಳು. ಹೇಳುವಾಗ ಅವಳ ದನಿ ಒಂದು ಎಳೆ ಇಳಿದದ್ದು ನನಗೆ ಕೇಳಿಸಿತು. ಇಷ್ಟು ವರ್ಷ ಮಕ್ಕಳ ಮುಂದೆ ನಿಂತ ಕಿವಿಗೆ ಅಂಥದ್ದು ತಪ್ಪುವುದಿಲ್ಲ. 27 ವರ್ಷದವಳು, ತನ್ನ ಸಂಬಳದಲ್ಲಿ ಕೊಳ್ಳುವವಳು. ಇವಳ ಅಣ್ಣನಿಗೆ ಬೈಕ್ ಕೊಡಿಸಿದಾಗ ಅದು ಕಾಲೇಜಿಗೆ ಹೋಗುವುದಕ್ಕೋ ತುಂಗಾ ಹೊಳೆಯ ದಂಡೆ ಸುತ್ತುವುದಕ್ಕೋ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಅಡುಗೆಮನೆಯಿಂದಲೇ, “ಎರಡಕ್ಕೂ” ಎಂದೆ, ಸ್ವಲ್ಪ ಗಟ್ಟಿಯಾಗಿ.

ಅತ್ತೆಯವರ ಪ್ರಶ್ನೆ ಬೇರೆ ದಿಕ್ಕಿನದು. “ನಾಳೆ ಮದುವೆಯಾಗಿ ಹೋಗೋಳು, ಅಷ್ಟು ದೊಡ್ಡದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಾಳೆ?” ಅದಕ್ಕೆ ನನ್ನಲ್ಲಿಯೂ ಉತ್ತರವಿರಲಿಲ್ಲ, ಮಗಳು ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ.

ಹೀಗೆ ನಾನು ಚುನಾವಣಾಧಿಕಾರಿಯಾದೆ. ಬಿ.ಎ. ಓದಿದವಳು ನಿಜ, ಆದರೆ ಪಕ್ಕದ ತರಗತಿಯ ಗಣಿತದ ಮೇಷ್ಟರು ರಜೆ ಹಾಕಿದಾಗಲೆಲ್ಲ ಅನುಪಾತದ ಲೆಕ್ಕ ಮಾಡಿಸಿದ ಅನುಭವ ಕೈಯಲ್ಲಿತ್ತು. ಮಾಮೂಲಿ ಟಿ.ವಿ., ಮಾನಿಟರುಗಳ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 16:9. 2012ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಅತಿ ಅಗಲದವುಗಳದು 21:9. ನಾನು ಮಾಡಿದ ಮೊದಲ ಕೆಲಸ ಅದನ್ನು ಸಂಕ್ಷೇಪಿಸಿದ್ದು. 21:9 ಎಂದರೆ 7:3 ತಾನೆ? ಯಾವ ಹುಡುಗನಾದರೂ ಉತ್ತರಪತ್ರಿಕೆಯಲ್ಲಿ 21:9 ಎಂದೇ ಬಿಟ್ಟಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. 16:9ರ ಪಕ್ಕದಲ್ಲಿ ಇಟ್ಟು ನೋಡಲಿ ಎಂದು ಹಾಗೆ ಬಿಟ್ಟಿದ್ದಾರೆ. ಇನ್ನೂ ಸೋಜಿಗವೆಂದರೆ ಮಗಳು ಕಣ್ಣಿಟ್ಟಿದ್ದ ಮಾನಿಟರಿನಲ್ಲಿ ಅಡ್ಡಲಾಗಿ 3440 ಚುಕ್ಕಿ, ಉದ್ದಕ್ಕೆ 1440. ಭಾಗಿಸಿದರೆ 43:18 ಬರುತ್ತದೆ, 7:3 ಬರುವುದೇ ಇಲ್ಲ! ವ್ಯಾಪಾರಿಗಳ ಗಣಿತ.

ಇಂಚಿನ ಲೆಕ್ಕವೂ ಅಷ್ಟೇ. 34 ಇಂಚು ಎಂದರೆ ಅಗಲವಲ್ಲ, ಮೂಲೆಯಿಂದ ಮೂಲೆಗೆ ಎಳೆದ ಕರ್ಣ. ಪೈಥಾಗೊರಸನನ್ನು ಕರೆದು ಕೂರಿಸಿ ಬಿಡಿಸಿದರೆ 34 ಇಂಚಿನ ಈ ಅಗಲದ ಮಾನಿಟರಿನ ಎತ್ತರ 13 ಇಂಚು ಚಿಲ್ಲರೆ, ಅಗಲ 31 ಇಂಚು ಚಿಲ್ಲರೆ. ಮಾಮೂಲಿ 27 ಇಂಚಿನದರ ಎತ್ತರವೂ ಅದೇ 13 ಚಿಲ್ಲರೆ. ಎಂದರೆ 27 ಇಂಚಿನ ಮಾನಿಟರಿಗೆ ಪಕ್ಕದಲ್ಲಿ ಮೂರನೇ ಒಂದು ಭಾಗ ಸೆರಗು ಸೇರಿಸಿದ ಹಾಗೆ. 29 ಇಂಚಿನ ಅಗಲದ್ದಂತೂ ಎತ್ತರದಲ್ಲಿ ಬರೀ 11 ಇಂಚು ಚಿಲ್ಲರೆ, 23 ಇಂಚಿನ ಹಳೆಯ ಮಾನಿಟರಿನಷ್ಟೇ. ಇದನ್ನು ತಿಳಿಯದೆ ಕೊಂಡವರು ಪೆಟ್ಟಿಗೆ ಬಿಚ್ಚಿದ ಮೇಲೆ, ಇದೇನು ಅಂಚು ಮಾತ್ರ ಬಂದಿದೆ, ಸೀರೆ ಎಲ್ಲಿ, ಎಂದು ಕೇಳಬೇಕಾಗುತ್ತದೆ. 49 ಇಂಚಿನದೂ ಇದೆ, ಎರಡು 27 ಇಂಚಿನವನ್ನು ಒತ್ತಾಗಿ ಇಟ್ಟ ಅಳತೆ. ಅದಕ್ಕೆ ಮನೆಯನ್ನೇ ಬದಲಾಯಿಸಬೇಕು.

ಅಗಲವೇನೂ ನಮಗೆ ಹೊಸದಲ್ಲ. ತಾಳೆಗರಿ ಇದಕ್ಕಿಂತ ಎಷ್ಟೋ ಅಗಲ. ನಮ್ಮಜ್ಜಿಯ ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಸಿನಿಮಾದಲ್ಲಿ ಈ ಅಗಲ 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಬಂತು, ಇಂಡಿಯಾಕ್ಕೆ 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ತಂದಿತು, ಕನ್ನಡಕ್ಕೆ 1977ರ ‘ಸೊಸೆ ತಂದ ಸೌಭಾಗ್ಯ’. ಚಿಕ್ಕವರಿದ್ದಾಗ ‘ಸ್ಕೋಪ್’ ಚಿತ್ರ ಶುರುವಾಗುವಾಗ ಟಾಕೀಸಿನಲ್ಲಿ ಎರಡೂ ಪಕ್ಕದ ಕಪ್ಪು ಪರದೆಗಳು ಇನ್ನಷ್ಟು ಸರಿಯುತ್ತಿದ್ದುದನ್ನು ನೋಡುವುದೇ ನಮಗೊಂದು ಸಂಭ್ರಮ.

ಬಾಗಿದ ಪರದೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. 1500ಆರ್, 1800ಆರ್ ಎಂದು ಬರೆದಿರುತ್ತಾರೆ. ಅಷ್ಟು ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡು ಎಂದರ್ಥ. ಅಂಕೆ ಚಿಕ್ಕದಾದಷ್ಟೂ ಬಾಗು ಹೆಚ್ಚು. ತರಗತಿಯಲ್ಲಿ ಬೆಂಚುಗಳನ್ನು ನೇರ ಸಾಲಿನಲ್ಲಿ ಹಾಕಿದರೆ ತುದಿಯ ಮಕ್ಕಳು ನನಗೆ ದೂರ, ಕಮಾನಿನ ಹಾಗೆ ಹಾಕಿದರೆ ಎಲ್ಲರೂ ಒಂದೇ ದೂರ. ಪರದೆಯ ತುದಿಗಳೂ ಹಾಗೇ ಕಣ್ಣಿನ ಕಡೆ ತಿರುಗಿ ಕೂರುತ್ತವೆ. 34 ಇಂಚಿಗೆ ಬಾಗು ಬೇಕು ಎಂದು ಚುನಾವಣಾಧಿಕಾರಿಯಾಗಿ ನಾನೇ ತೀರ್ಪು ಕೊಟ್ಟೆ.

ನೋಡದೆ ಕೊಳ್ಳಬಾರದೆಂದು ಇಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯಲ್ಲಿ ಸಾಲಾಗಿ ಉರಿಯುವ ಪರದೆಗಳಲ್ಲಿ ಪಂಚರಂಗಿ ಗಿಣಿಗಳು, ನೀರಿನ ಹನಿಗಳು. ಅಂಗಡಿಯ ಹುಡುಗ “ಕಲರ್ ನೋಡಿ ಮೇಡಂ” ಎಂದ. ನಾನು, “ಗಿಣಿ ಸಾಕಪ್ಪ, ಒಂದು ಕನ್ನಡ ಪತ್ರಿಕೆ ತೆಗೆದು ತೋರಿಸು” ಎಂದೆ. ಅವನು ಪಾಪ, ಇಂಥ ಗಿರಾಕಿಯನ್ನು ಕಂಡಿರಲಿಲ್ಲವೆಂದು ತೋರುತ್ತದೆ. ಕಡಿಮೆ ಬೆಲೆಯ ಒಂದು 34 ಇಂಚಿನದರಲ್ಲಿ ಅಡ್ಡಲಾಗಿ 2560, ಉದ್ದಕ್ಕೆ 1080 ಚುಕ್ಕಿ ಮಾತ್ರ. ಇಂಚಿಗೆ 82 ಚುಕ್ಕಿ ಬೀಳುತ್ತದೆ. ಅದರಲ್ಲಿ ‘ರಾಷ್ಟ್ರೀಯ’ ಎನ್ನುವ ಪದದ ಟಕಾರದ ಒತ್ತೂ ರಕಾರದ ಒತ್ತೂ ಒಂದಕ್ಕೊಂದು ಅಂಟಿಕೊಂಡು ಇರುವೆಯಂತೆ ಕೂತಿದ್ದವು. 3440 ಚುಕ್ಕಿಯದರಲ್ಲಿ ಇಂಚಿಗೆ ಸುಮಾರು 110. ಅಲ್ಲಿ ಒತ್ತುಗಳೆಲ್ಲ ಮೈ ಬಿಡಿಸಿ ನಿಂತವು. ‘ಸ್ತ್ರೀ’ ನೋಡಿದೆ, ‘ವಾತ್ಸಲ್ಯ’ ನೋಡಿದೆ. ಇಂಗ್ಲಿಷಿನವರಿಗೆ ಈ ತಾಪತ್ರಯವಿಲ್ಲ, ಅವರ ಅಕ್ಷರಗಳಿಗೆ ಕೆಳಗೆ ಮಕ್ಕಳು ಮರಿಗಳಿಲ್ಲ.

ಪರದೆಯ ಜಾತಿಗಳು ಮೂರು. ಐಪಿಎಸ್ ಎನ್ನುವುದರಲ್ಲಿ ಬಣ್ಣ ಚೆನ್ನ, ಓರೆಯಿಂದ ನೋಡಿದರೂ ಬದಲಾಗದು. ಆದರೆ ಕಪ್ಪು ಮಾತ್ರ ತೊಳೆದು ತೊಳೆದು ಮಾಸಿದ ಛತ್ರಿಯ ಕಪ್ಪು. ವಿಎ ಎನ್ನುವುದರಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ, ಕತ್ತಲೆಯ ದೃಶ್ಯ ವೇಗವಾಗಿ ಓಡಿದಾಗ ಹಿಂದೆ ಸ್ವಲ್ಪ ಮಸಿ ಎಳೆದಂತೆ ಕಾಣಬಹುದು. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ದೀಪ, ಬೇಡವಾದಾಗ ಆರಿಯೇ ಹೋಗುತ್ತದೆ. ಅದರಷ್ಟು ಚೆಂದ ಇನ್ನೊಂದಿಲ್ಲ. ಬೆಲೆಯೂ ಹಾಗೆಯೇ. ಮೇಲಾಗಿ ಕದಲದ ಚಿತ್ರ ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಅದರ ಗುರುತು ಉಳಿದುಬಿಡಬಹುದು, ಗೋಡೆಯ ಮೇಲೆ ಕ್ಯಾಲೆಂಡರಿನ ಗುರುತಿನಂತೆ. ದಿನಕ್ಕೆ ಎಂಟು ಗಂಟೆ ಅದೇ ಟೈಮ್‌ಲೈನ್ ಇಟ್ಟುಕೊಳ್ಳುವವಳಿಗೆ ಅದು ಹೊಂದದು. ಮಗಳು ವಿಎ ಎಂದಳು. ಪಾಠದ ವಿಡಿಯೊಗೆ ಅದರ ಬಣ್ಣ ಸಾಕು, ರಾತ್ರಿಯ ಹೆದ್ದಾರಿಗೆ ಅದರ ಕತ್ತಲೆ ಬೇಕು. ಅವಳು ಆಟವನ್ನು ಬಾಯಿಬಿಟ್ಟು ಲೆಕ್ಕಕ್ಕೆ ಹಿಡಿದದ್ದು ಆಗಲೇ ಮೊದಲು.

ಅಂಗಡಿಯ ಹುಡುಗ ಸೆಕೆಂಡಿಗೆ 165 ಸಲ ಚಿತ್ರ ಬದಲಾಗುವುದನ್ನು ತೋರಿಸಿ, ಇನ್ನೊಂದಿಷ್ಟು ಸೇರಿಸಿದರೆ ಇದೇ ಸಿಗುತ್ತದೆ ಎಂದು ಹುರಿದುಂಬಿಸಿದ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಲ್ಲಿ. ಲಾರಿಗೆ 100 ಯಥೇಚ್ಛ. ಅಲ್ಲದೆ 3440ನ್ನು 1440ರಿಂದ ಗುಣಿಸಿದರೆ 49,53,600 ಚುಕ್ಕಿ. ಲ್ಯಾಪ್‌ಟಾಪಿನ ಪರದೆಯಲ್ಲಿರುವುದು 20,73,600. ಹೆಚ್ಚುಕಡಿಮೆ 2.4 ಪಟ್ಟು ಚುಕ್ಕಿಗಳನ್ನು ಅದೇ ಬಡ ಲ್ಯಾಪ್‌ಟಾಪು ಪ್ರತಿ ಚಿತ್ರಕ್ಕೂ ಬರೆದು ಮುಗಿಸಬೇಕು. ಎತ್ತಿಗೆ ಮೇವಿಲ್ಲದೆ ಗಾಡಿ ದೊಡ್ಡದು ಮಾಡಿ ಏನು ಫಲ? ಎಲ್ಲ ಆಟಗಳೂ ಈ ಅಗಲವನ್ನು ತುಂಬುವುದಿಲ್ಲ ಎಂಬುದನ್ನೂ ಮಗಳು ಮೊದಲೇ ವಿಚಾರಿಸಿಕೊಂಡಿದ್ದಳು. 2022ರಲ್ಲಿ ಬಂದ ‘ಎಲ್ಡನ್ ರಿಂಗ್’ನಂಥ ಹೆಸರುವಾಸಿ ಆಟದಲ್ಲೂ ಎರಡು ಪಕ್ಕ ಕಪ್ಪು ಪಟ್ಟಿ ನಿಲ್ಲುತ್ತದೆ. ಪ್ಲೇಸ್ಟೇಷನ್ 5 ಜೋಡಿಸಿದರೂ ಅಷ್ಟೇ, 16:9 ಬಿಟ್ಟು ಅದು ಕದಲುವುದಿಲ್ಲ. ಲಾರಿಯಲ್ಲಿ ಆ ತೊಂದರೆಯಿಲ್ಲ. ಕತ್ತು ತಿರುಗಿಸದೆ ಎರಡೂ ಕನ್ನಡಿ ಕಾಣುತ್ತವೆ. ಬೆಲೆ ಅವಳು ಹಾಕಿಕೊಂಡಿದ್ದ 35,000 ರೂಪಾಯಿಯ ಗೆರೆಯೊಳಗೆ ಬಂತು.

ಇನ್ನು ಮೇಜು. ಮನೆಯಲ್ಲಿದ್ದ ಒಂದೇ ಓದುವ ಮೇಜು ಮಗ ಎಸ್ಸೆಸ್ಸೆಲ್ಸಿಗೆ ಬಂದಾಗ ಮಾಡಿಸಿದ್ದು, ಒಳಕ್ಕೆ ಒಂದೂವರೆ ಅಡಿ. ಮಾನಿಟರಿನ ಕಾಲೇ ಹತ್ತು ಇಂಚು ತಿನ್ನುತ್ತದೆ. ಪರದೆ ಒಂದು ತೋಳಿನಷ್ಟು ದೂರವಿರಬೇಕಾದಲ್ಲಿ ಮೂಗಿಗೆ ತಾಗುತ್ತದೆ. ಎರಡೂವರೆ ಅಡಿ ಒಳ, ಐದಡಿ ಅಗಲದ ಹೊಸ ಮೇಜಿಗೆ ಹೇಳಿದೆ. ಅಳತೆ ಕೇಳಿದ ಬಡಗಿ, “ಊಟದ ಟೇಬಲ್ಲಾ ಮೇಡಂ?” ಎಂದ. “ಅಲ್ಲಪ್ಪ, ಮಗಳ ಟೇಬಲ್ಲು” ಎಂದೆ. ಹಾಗೆ ಹೇಳುವಾಗ ನನಗೆ ಏನೋ ಆಯಿತು. ನಾನು ಉತ್ತರಪತ್ರಿಕೆ ತಿದ್ದಿದ್ದು ಮೊದಲ ಹತ್ತು ವರ್ಷ ಟ್ರಂಕಿನ ಮೇಲೆ, ಆಮೇಲೆ ತಟ್ಟೆ ಎತ್ತಿ ಒರೆಸಿದ ಊಟದ ಮೇಜಿನ ಮೇಲೆ. ಸಾರಿನ ಕಲೆ ಬಿದ್ದ ಪತ್ರಿಕೆಗೆ ಮಕ್ಕಳ ಮುಂದೆ ನೆಪ ಹೇಳಿದ್ದೂ ಉಂಟು. ಮೇಜು ಬೇಕೆಂದು ನಾನು ಯಾರನ್ನೂ ಕೇಳಲಿಲ್ಲ. ನಮ್ಮಮ್ಮನಿಗಂತೂ ಮಣೆಯ ಹೊರತು ತನ್ನದೆನ್ನುವ ಮರದ ಸಾಮಾನೇ ಇರಲಿಲ್ಲ. ಆಟವೂ ಹಾಗೇ. ಅಜ್ಜಿ ಮಳೆಗಾಲದ ಮಧ್ಯಾಹ್ನ ಹುಣಸೆಬೀಜ ಹಿಡಿದು ಅಳಗುಳಿಮಣೆಗೆ ಕೂತರೆ ತಾತನ ಕಾಫಿ ಕೂಡ ಕಾಯಬೇಕಿತ್ತಂತೆ. ಅಮ್ಮನ ಕಾಲಕ್ಕೆ ಆ ಮಣೆ ಅಟ್ಟ ಸೇರಿತು. ಕಾಲೇಜಿನಲ್ಲಿ ಥ್ರೋಬಾಲ್ ಆಡುತ್ತಿದ್ದ ನಾನು ಈಗ ಆಡುವುದು ಶಾಲೆಯ ವಾರ್ಷಿಕೋತ್ಸವದಲ್ಲಿ ಸಹಶಿಕ್ಷಕಿಯರೊಡನೆ ಮ್ಯೂಸಿಕಲ್ ಚೇರು, ಅದೂ ಹೆಡ್‌ಮಾಸ್ಟರು ಒತ್ತಾಯಿಸಿದರೆ.

ಮೇಜಿಗೆ ಜಾಗ ಬೇಕಲ್ಲ? ಕಿಟಕಿ ಬೆನ್ನಿಗಿದ್ದರೆ ಪರದೆ ಫಳಫಳಿಸುತ್ತದೆ, ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಕರಿಹಲಗೆಯ ಮೇಲಿನ ಹೊಳಪನ್ನು ತಪ್ಪಿಸಿ ತಪ್ಪಿಸಿ ಮಕ್ಕಳನ್ನು ಕೂರಿಸಿದ ನನಗೆ ಹಾಲಿನಲ್ಲಿ ಅದಕ್ಕೆ ಸರಿಯಾದ ಜಾಗ ಒಂದೇ ಎಂದು ಗೊತ್ತಿತ್ತು. ಅಲ್ಲಿ ನಮ್ಮವರ ಆರಾಮಕುರ್ಚಿ ಇತ್ತು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಗಿ, ಮೂರನೆಯ ದಿನ ಕುರ್ಚಿ ತಾನಾಗಿ ಜಗಲಿಗೆ ಹೋಯಿತು. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಈಗ ಅವರೇ ಹೇಳುತ್ತಾರೆ.

ಮಗಳ ರೈಲು ಈಗ ಇಂಜಿನ್ನಿನಿಂದ ಗಾರ್ಡಿನವರೆಗೆ ಒಟ್ಟಿಗೆ ಕಾಣುತ್ತದೆ. ನಾನು ಕರಿಹಲಗೆಗೆ ಎರಡು ಗೆರೆ ಎಳೆದು ಮೂರು ಭಾಗ ಮಾಡುವ ಹಾಗೆ ಅವಳೂ ಪರದೆಯನ್ನು ಮೂರು ಮಾಡಿಕೊಂಡಿದ್ದಾಳೆ. ಭಾನುವಾರ ಅವಳು ಏಳುವ ಮುಂಚೆ ಅದು ನನ್ನದು. ರೂಪಣಾತ್ಮಕ ನಾಲ್ಕು, ಸಂಕಲನಾತ್ಮಕ ಎರಡು, ಮೊತ್ತ, ಶ್ರೇಣಿ ಎಲ್ಲ ಕಾಲಮ್ಮುಗಳೂ ವಿದ್ಯಾರ್ಥಿಯ ಹೆಸರಿನ ಸಾಲಿನಲ್ಲಿಯೇ ನಿಲ್ಲುತ್ತವೆ. ಹಿಂದೆ ಬಲಕ್ಕೆ ಸರಿದಂತೆ ಹೆಸರು ಮಾಯವಾಗಿ ಯಾರ ಅಂಕ ಯಾರಿಗೋ ಎಂದು ಎದೆ ಢವಗುಟ್ಟುತ್ತಿತ್ತು.

ಮೊನ್ನೆ ಬಂದ ನೆಂಟರೊಬ್ಬರು ಹಾಲಿನಲ್ಲಿ ನಿಂತು ಅದನ್ನು ಆಚೆಯಿಂದೀಚೆ ನೋಡಿ, “ಆಫೀಸಿನವರು ಕೊಟ್ಟಿದ್ದೇನಮ್ಮಾ?” ಎಂದರು. “ಇಲ್ಲ ಮಾಮಾ, ನಾನೇ ತಗೊಂಡೆ. ಬೆಳಗ್ಗೆ ಕೆಲಸ ಮಾಡ್ತೀನಿ, ರಾತ್ರಿ ಲಾರಿ ಓಡಿಸ್ತೀನಿ” ಎಂದಳು ಮಗಳು. ದನಿ ಇಳಿದಿರಲಿಲ್ಲ. ಜಗಲಿಯಿಂದ ನಮ್ಮವರು, “ಚೆನ್ನಾಗಿ ಓಡಿಸ್ತಾಳೆ” ಎಂದದ್ದೂ ಕೇಳಿಸಿತು.

ಅತ್ತೆಯವರಿಗೆ ಶನಿವಾರ ರಾತ್ರಿ ಅದರಲ್ಲಿ ಯಕ್ಷಗಾನ ಹಾಕಿಕೊಡುತ್ತಾಳೆ. ವಿಡಿಯೊ 16:9ರದು, ಆದ್ದರಿಂದ ಎರಡೂ ಪಕ್ಕ ಕಪ್ಪು ಪಟ್ಟಿ. “ಪರದೆ ಪೂರ್ತಿ ಸರಿದಿಲ್ಲ ಕಣೇ, ಇನ್ನಷ್ಟು ಎಳಿ” ಎಂದರು ಅತ್ತೆ. ಮಗಳು ಚಿತ್ರವನ್ನು ಅಗಲಕ್ಕೆ ಹಿಗ್ಗಿಸಿದಳು. ಪರದೆ ತುಂಬಿತು, ಆದರೆ ಮೇಲೆ ಕೌರವನ ಕಿರೀಟ ಹಾರಿತು, ಕೆಳಗೆ ಗೆಜ್ಜೆ ಮುಳುಗಿತು. ಅತ್ತೆಯವರು ಎರಡು ನಿಮಿಷ ನೋಡಿ, “ಬೇಡ, ಮೊದಲಿನ ಹಾಗೇ ಇರಲಿ, ಅವನಿಗೆ ಕಿರೀಟ ಕೊಟ್ಬಿಡು” ಎಂದರು.