ಲೆಕ್ಕಕ್ಕೆ ಸಿಗದ ದುಡಿಮೆ

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕುರಿತು ಬರೆಯುವವರು ಸಾಮಾನ್ಯವಾಗಿ ಭಾವುಕರಾಗುತ್ತಾರೆ. ಕೇಂದ್ರ ಸರಕಾರದ ಕಡತಗಳ ನಡುವೆ ಎರಡು ದಶಕ ಸವೆಸಿದ ನಮಗೆ ಮೊದಲು ಏಳುವ ಪ್ರಶ್ನೆ ಬೇರೆ: ಇದರ ಖರ್ಚನ್ನು ಹೊತ್ತವರು ಯಾರು?

ಮಂಗಳೂರಿನ ಕಡೆಯಿಂದ ಹಡಗು ಹತ್ತಿ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಪಾಠಕ್ಕೆ ಕೂರುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವರಿಗಾಗಿ ಶಾಲೆ ತೆರೆದವು. ಬಿಲ್ಲವರ ಅಸೋಸಿಯೇಶನ್ನಿನದೂ ಅದೇ ಹಾದಿ; 1978ರಲ್ಲಿ ಆರಂಭವಾದ ಭಾರತ್ ಕೋಆಪರೇಟಿವ್ ಬ್ಯಾಂಕಿಗೆ ಬೆನ್ನೆಲುಬಾದದ್ದೂ ಆ ಸಂಸ್ಥೆಯೇ. ಮೊದಲು ಅಕ್ಷರ, ಆಮೇಲೆ ಉಳಿತಾಯ, ಅನಂತರ ಸಾಲ. ಜಾತಿಯ ಹೆಸರು ಹೊತ್ತ ಸಂಘಗಳೆಂದು ಮೂಗು ಮುರಿಯುವುದು ಸುಲಭ. ಆದರೆ ಊರು ಬಿಟ್ಟುಬಂದ ಹದಿಮೂರರ ಹುಡುಗನಿಗೆ ಅಂದು ಬಾಗಿಲು ತೆರೆದ ಬೇರೆ ಮನೆಗಳು ಬಹಳ ಇರಲಿಲ್ಲ. ಎಸ್ಸೆಸ್ಸಿ ದಾಟಿದವನು ಗುಮಾಸ್ತನಾದ, ಊರಿಗೆ ಮನಿಯಾರ್ಡರ್ ಹೋಯಿತು, ಅಲ್ಲಿ ತಂಗಿಯೊಬ್ಬಳು ಶಾಲೆಯಲ್ಲಿ ಉಳಿದಳು.

ಇಷ್ಟೆಲ್ಲ ದೇಶದ ಲೆಕ್ಕದಲ್ಲಿ ಎಲ್ಲಿದೆ? ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಸೇವೆಯನ್ನು ರಾಷ್ಟ್ರೀಯ ಲೆಕ್ಕಪದ್ಧತಿಯು ಅದಕ್ಕೆ ತಗಲಿದ ವೆಚ್ಚದಿಂದ ಅಳೆಯುತ್ತದೆ: ಬಾಡಿಗೆ, ದೀಪದ ಬಿಲ್ಲು, ಸೀಮೆಸುಣ್ಣ, ಸಂಬಳ. ಕಚೇರಿ ಮುಗಿಸಿ ಬಂದು ಸಂಬಳವಿಲ್ಲದೆ ಬೀಜಗಣಿತ ಕಲಿಸಿದವನ ಎರಡು ಗಂಟೆಗೆ ಅಲ್ಲಿ ಬೆಲೆ ಸೊನ್ನೆ. ಪಕ್ಕದ ಕೋಚಿಂಗ್ ಕ್ಲಾಸಿನವನು ಅದೇ ಬೀಜಗಣಿತಕ್ಕೆ ಶುಲ್ಕ ವಸೂಲು ಮಾಡಿದರೆ ಅದು ರಾಷ್ಟ್ರೀಯ ಉತ್ಪನ್ನ. ನಮ್ಮ ದೇಶದ ಕೋಷ್ಟಕಗಳಲ್ಲಂತೂ ಇಂಥ ಸಂಸ್ಥೆಗಳ ಖರ್ಚನ್ನು ಕುಟುಂಬಗಳ ಬಳಕೆಯೊಂದಿಗೇ ಸೇರಿಸಿಬಿಡುತ್ತಾರೆ. ಸ್ವಯಂಸೇವಕರ ದುಡಿಮೆಗೂ ಬೆಲೆ ಕಟ್ಟುವ ಬಗೆಯನ್ನು ವಿಶ್ವಸಂಸ್ಥೆಯ ಕೈಪಿಡಿಯೊಂದು 2003ರಲ್ಲೇ ಸೂಚಿಸಿತ್ತು. ಆ ಬಳಿಕ ನಮ್ಮ ಅಂಕಿಸಂಖ್ಯಾ ಇಲಾಖೆ ಎಣಿಸಹೊರಟಾಗ, ನೋಂದಾಯಿತ ಸಂಸ್ಥೆಗಳು ಕಾಗದದ ಮೇಲೆ 30 ಲಕ್ಷ ಮೀರಿದ್ದವು. ವಿಳಾಸ ಹಿಡಿದು ಹೋದರೆ ಬಹುಪಾಲು ಪತ್ತೆಯೇ ಆಗಲಿಲ್ಲ. ಹೆಸರಿಗಷ್ಟೇ ಇದ್ದವು ಎಷ್ಟೋ. ಆದರೆ ನಡೆಸುವವರು ಮುಪ್ಪಾಗಿ ಬೀಗ ಬಿದ್ದವೂ ಅವುಗಳಲ್ಲಿ ಇದ್ದಿರಬೇಕು.

2013ರ ಕಂಪನಿ ಕಾಯಿದೆಯ ಅನಂತರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕು. ಒಳ್ಳೆಯದೇ. ಆ ಹಣ ಯೋಜನೆಗೆ ಬರುತ್ತದೆ, ಫಲಕಕ್ಕೆ ಬರುತ್ತದೆ. ರಾತ್ರಿ ಹತ್ತಕ್ಕೆ ಗೇಟು ಮುಚ್ಚುವವನ ಸಂಬಳಕ್ಕೆ ಬರುವುದು ಅಪರೂಪ.

ನಮ್ಮ ಬಡಾವಣೆಯ ಸಂಘವೊಂದರಲ್ಲಿ ಈಗ ಸಭಾಭವನವನ್ನು ಮದುವೆಗಳಿಗೆ ಬಾಡಿಗೆ ಕೊಟ್ಟು ರಾತ್ರಿ ತರಗತಿ ನಡೆಸುತ್ತಾರೆ. ಮುಹೂರ್ತದ ತಿಂಗಳುಗಳಲ್ಲಿ ಹುಡುಗರು ಮಹಡಿಯ ಮೆಟ್ಟಿಲ ಬಳಿ ಕೂರುತ್ತಾರೆ. ಕನ್ನಡದ ಹುಡುಗರು ಅವರಲ್ಲಿ ಕಡಿಮೆ. ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು. ಗಣಿತ ಕಲಿಸುವ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಎಪ್ಪತ್ತು ದಾಟಿದೆ. ಅವರ ಬಳಿಕ ಯಾರು ಎಂಬುದನ್ನು ಕಾರ್ಯಕಾರಿ ಸಮಿತಿ ಕಳೆದ ಮೂರು ಸಭೆಗಳಲ್ಲೂ ಮುಂದೂಡಿದೆ.