ಕೇಳಿದವರ ತೀರ್ಪು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿ 1977ರ ಮೇ 8ರ ರಾತ್ರಿ ಹಿಮ ಬಿದ್ದಿತು. ಅಂದು ಅಲ್ಲಿಯ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್ ಎಂಬ ಭವನದಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡದ ಕಛೇರಿ ನಡೆಯಿತು. ಮೂಲತಃ ಸೈನಿಕ ಕವಾಯತಿಗಾಗಿ ಕಟ್ಟಿದ ವಿಶಾಲವಾದ ಕಲ್ಲುಕಟ್ಟಡವದು. ಸಂಗೀತಕ್ಕೆ ಹೇಳಿಮಾಡಿಸಿದ ಸ್ಥಳವೇನಲ್ಲ. ಕಛೇರಿ ಮುಗಿಸಿ ಹೊರಬಂದ ವಿದ್ಯಾರ್ಥಿಗಳು ಮೇ ತಿಂಗಳ ಹಿಮದಲ್ಲಿ ನಡೆದು ತಮ್ಮ ವಸತಿಗಳನ್ನು ಸೇರಿದರು. ಅಂದಿನ ಆ ಸುಮಾರು ಮೂರು ಗಂಟೆಗಳ ಸಂಗೀತವು ತಂಡದ ಇಡೀ ಜೀವಮಾನದಲ್ಲಿಯೇ ಶ್ರೇಷ್ಠವಾದುದೆಂದು ಒಂದು ಪಕ್ಷ, ಅಲ್ಲವೆಂದು ಇನ್ನೊಂದು ಪಕ್ಷ ಹೂಡಿದ ವಾದ ದಶಕಗಳಿಂದ ನಡೆದೇ ಇದೆ. ಇಂತಹ ವಾದದ ಗೊಡವೆ ಈ ಪುಟಗಳಿಗೇಕೆಂದು ಓದುಗರು ಕೇಳುವುದು ಸಹಜ. ತೀರ್ಪು ನೀಡುವವನು ತಾನು ಯಾವುದಕ್ಕೆ ತೀರ್ಪು ನೀಡುತ್ತಿದ್ದೇನೆಂಬುದನ್ನು ಅರಿತಿರಬೇಕಲ್ಲವೆ ಎಂಬ ಪ್ರಶ್ನೆ ಈ ವಾದದಲ್ಲಿ ಎದ್ದಷ್ಟು ಸ್ಪಷ್ಟವಾಗಿ ಬೇರೆಡೆ ಏಳುವುದು ಅಪರೂಪ.

ತಂಡದ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್, ಅದರ ಪ್ರಧಾನ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡ 1995ರವರೆಗೆ ಬಾಳಿತು. ಈ ಮೂವತ್ತು ವರ್ಷಗಳಲ್ಲಿ ಅದು ನೀಡಿದ ಕಛೇರಿಗಳ ಸಂಖ್ಯೆ ಸುಮಾರು 2,300. ನಿನ್ನೆ ಹಾಡಿದ ಪಟ್ಟಿಯನ್ನೇ ಇಂದು ಒಪ್ಪಿಸುವ ಪದ್ಧತಿ ಈ ತಂಡಕ್ಕಿರಲಿಲ್ಲ. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವ ಗುಣ ಇವರ ವಾದನದಲ್ಲಿ ಧಾರಾಳವಾಗಿತ್ತು. ಒಂದೇ ಹಾಡು ಒಂದು ರಾತ್ರಿ ಎಂಟು ನಿಮಿಷಕ್ಕೆ ಮುಗಿದರೆ ಇನ್ನೊಂದು ರಾತ್ರಿ ಅದರ ಇಮ್ಮಡಿ ಬೆಳೆಯುತ್ತಿತ್ತು. ಕೆಲವು ರಾತ್ರಿ ಎಲ್ಲವೂ ಕೂಡಿಬರುತ್ತಿತ್ತು, ಕೆಲವು ರಾತ್ರಿ ಏನೂ ಕೂಡಿಬರುತ್ತಿರಲಿಲ್ಲ. ಹೀಗಾಗಿ ಯಾವ ರಾತ್ರಿ ಶ್ರೇಷ್ಠ ಎಂಬ ಪ್ರಶ್ನೆ ಇವರ ಅಭಿಮಾನಿಗಳಿಗೆ ಸಹಜವಾಗಿಯೇ ಹುಟ್ಟಿತು. ಈ ತಂಡದ ಸುತ್ತ ಮಾದಕ ವಸ್ತುಗಳ ಸೇವನೆ ವ್ಯಾಪಕವಾಗಿತ್ತೆಂಬುದನ್ನೂ, ಗಾರ್ಸಿಯಾ ಸ್ವತಃ ಆ ಚಟಕ್ಕೆ ಬಲಿಯಾಗಿ ಐವತ್ತಮೂರನೆಯ ವಯಸ್ಸಿಗೇ ಚಿಕಿತ್ಸಾಲಯವೊಂದರಲ್ಲಿ ಕೊನೆಯುಸಿರೆಳೆದರೆಂಬುದನ್ನೂ ಮುಚ್ಚಿಡುವುದು ಸಲ್ಲದು. ಆದರೆ ಅದೇ ಜನಸಮೂಹ ಮತ್ತೊಂದು ವಿಷಯದಲ್ಲಿ ತೋರಿದ ಸಂಯಮ ಬೇರೆ ಬಗೆಯದು.

ಕಛೇರಿಗೆ ಬಂದವರು ತಮ್ಮದೇ ಮೈಕು, ಟೇಪ್ ರೆಕಾರ್ಡರುಗಳನ್ನು ತಂದು ಸಂಗೀತವನ್ನು ಮುದ್ರಿಸಿಕೊಳ್ಳುತ್ತಿದ್ದರು. ಬೇರೆ ತಂಡಗಳು ಇದನ್ನು ಕಳ್ಳತನವೆಂದು ತಡೆದರೆ ಈ ತಂಡ ತಡೆಯಲಿಲ್ಲ. ತಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರಿಗೆ ಸೇರಿದ್ದೆಂಬುದು ಗಾರ್ಸಿಯಾ ಅವರ ನಿಲುವಾಗಿತ್ತು. 1984ರಿಂದ ಮುದ್ರಿಸಿಕೊಳ್ಳುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನು ಮೀಸಲಿಡಲಾಯಿತು. ಇದ್ದ ಕಟ್ಟಳೆ ಒಂದೇ: ಟೇಪನ್ನು ಮಾರಕೂಡದು. ಬೇಕಾದವನು ಖಾಲಿ ಕ್ಯಾಸೆಟ್ಟನ್ನೂ ಅಂಚೆ ವೆಚ್ಚವನ್ನೂ ಕಳುಹಿಸಿದರೆ ಇದ್ದವನು ಪ್ರತಿ ಮಾಡಿ ಕಳುಹಿಸಬೇಕು. ಕೊಡಲು ತನ್ನ ಬಳಿ ಏನೂ ಇಲ್ಲದ ಹೊಸಬನಿಗೂ ಹೀಗೆ ಸಂಗೀತ ದೊರೆಯುತ್ತಿತ್ತು. 1974ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ರೆಲಿಕ್ಸ್ ಎಂಬ ಪತ್ರಿಕೆ ಮೊದಲಿಗೆ ಈ ವಿನಿಮಯಕ್ಕೆಂದೇ ಹುಟ್ಟಿದ ಸಣ್ಣ ಹಾಳೆ. ಕಾನೂನಿನ ಭಯವಿಲ್ಲದೆ, ಮೇಲ್ವಿಚಾರಕರಿಲ್ಲದೆ, ಮುಖ ನೋಡದ ಸಾವಿರಾರು ಜನರ ನಡುವೆ ಈ ಕಟ್ಟಳೆ ಬಹುಮಟ್ಟಿಗೆ ಉಳಿದುಬಂದದ್ದು ಸಣ್ಣ ಸಂಗತಿಯಲ್ಲ. ಮುರಿದವರು ಇರಲಿಲ್ಲವೆಂದಲ್ಲ, ಮುರಿದವರನ್ನು ಉಳಿದವರು ಗೌರವಿಸುತ್ತಿರಲಿಲ್ಲ.

ಆದರೆ ಪ್ರತಿಯಿಂದ ಪ್ರತಿಗೆ ಟೇಪಿನ ಗುಣ ಕುಂದುತ್ತದೆ. ಮೂಲದ ಮೊದಲ ಪ್ರತಿಯಲ್ಲಿ ಸಣ್ಣಗೆ ಕೇಳುವ ‘ಹಿಸ್ಸ್’ ಎಂಬ ಸದ್ದು ಐದನೆಯ ಪ್ರತಿಯ ವೇಳೆಗೆ ಪಿಯಾನೋದ ಮೆಲುದನಿಯನ್ನೇ ನುಂಗಿಬಿಡುತ್ತದೆ. ಹಳೆಯ ಹಸ್ತಪ್ರತಿಗಳ ಪರಿಚಯವುಳ್ಳ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ; ಅಲ್ಲಿ ಲಿಪಿಕಾರನ ಕೈತಪ್ಪು, ಇಲ್ಲಿ ಯಂತ್ರದ ಗೊರಗೊರ. ಕ್ಯಾಸೆಟ್ಟು ಎಲ್ಲಿಂದ ಬಂತು, ಎಷ್ಟನೆಯ ಪ್ರತಿ, ಜನರ ನಡುವಿನ ಮೈಕಿನಿಂದ ಮುದ್ರಿಸಿದ್ದೋ ವೇದಿಕೆಯ ಧ್ವನಿಯಂತ್ರದಿಂದ ನೇರವಾಗಿ ಪಡೆದದ್ದೋ ಎಂಬುದನ್ನು ಪ್ರಾಮಾಣಿಕನಾದ ಸಂಗ್ರಾಹಕ ಅದರ ಹೊದಿಕೆಯ ಮೇಲೆ ಬರೆದಿಡುತ್ತಿದ್ದ. ವಾದ ಆರಂಭವಾದಾಗ ಮಾತ್ರ ಈ ಬರಹವನ್ನು ನೋಡುವವರು ಕಡಿಮೆ.

ವಾದದ ಪಕ್ಷಗಳು ಹಲವು. 1969-70ರ ಕಾಲವೇ ಮೇಲೆಂದು ಹೇಳುವ ಹಿರಿಯರು ಫಿಲ್ಮೋರ್ ಈಸ್ಟ್ ರಂಗಮಂದಿರದ 1970ರ ಫೆಬ್ರುವರಿಯ ರಾತ್ರಿಗಳನ್ನು ಮುಂದಿಡುತ್ತಾರೆ. ಮತ್ತೊಂದು ಪಕ್ಷದ್ದು 1972ರ ಆಗಸ್ಟ್ 27. ಆರೆಗಾನ್ ರಾಜ್ಯದ ವೆನೀಟಾ ಎಂಬಲ್ಲಿ ಬಯಲಿನಲ್ಲಿ ನಡೆದ ಆ ಕಛೇರಿಯ ಕಥೆ ಕೇಳುವಂಥದು. ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಮೊಸರು ತಯಾರಿಸುವ ಸಣ್ಣ ಸಂಸ್ಥೆಯೊಂದು ಹಣದ ಮುಗ್ಗಟ್ಟಿಗೆ ಸಿಲುಕಿತ್ತು. ಅದನ್ನು ನಡೆಸುತ್ತಿದ್ದವರು ಕಾದಂಬರಿಕಾರ ಕೆನ್ ಕೀಸಿ ಅವರ ಸಹೋದರನ ಕುಟುಂಬ. ಅವರ ನೆರವಿಗಾಗಿ ತಂಡ ಬಂದು ನುಡಿಸಿತು. ಮೊಸರಿನ ಡಬ್ಬಿಗೆ ಅಂಟಿಸುವ ಚೀಟಿಗಳ ಮೇಲೆಯೇ ಟಿಕೆಟ್ಟು ಅಚ್ಚಾಯಿತು. ಅಂದು ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟನ್ನು ಮೀರಿತ್ತು. ತಂತಿಗಳು ಸಡಿಲಗೊಂಡು ಶ್ರುತಿ ಜಾರುತ್ತಲೇ ಇತ್ತು, ವಾದಕರು ಸರಿಪಡಿಸಿಕೊಳ್ಳುತ್ತಲೇ ಇದ್ದರು. ಶ್ರುತಿ ಜಾರಿದ ಕಛೇರಿಯನ್ನು ಶ್ರೇಷ್ಠವೆನ್ನುವುದು ಹೇಗೆ ಎಂದು ಪ್ರತಿಪಕ್ಷದವರು ನಗುತ್ತಾರೆ. ವೆನೀಟಾ ಪಕ್ಷದವರು ಅಂದು ಅರ್ಧ ಗಂಟೆ ಬೆಳೆದ ‘ಡಾರ್ಕ್ ಸ್ಟಾರ್’ ಕೃತಿಯನ್ನು ಕೇಳಿಸಿ ಸುಮ್ಮನಾಗುತ್ತಾರೆ. ಮೊಸರಿನ ಸಂಸ್ಥೆಯೇನೋ ಉಳಿದುಕೊಂಡಿತು.

ಕಾರ್ನೆಲ್ ಪಕ್ಷದ ಆಧಾರಗಳೂ ಬಲವಾದವೇ. 1977ರ ಆರಂಭದಲ್ಲಿ ತಂಡ ಕೀತ್ ಓಲ್ಸನ್ ಎಂಬ ನಿರ್ಮಾಪಕರ ಕಟ್ಟುನಿಟ್ಟಿನಲ್ಲಿ ಹೊಸ ಧ್ವನಿಮುದ್ರಿಕೆಗಾಗಿ ಶ್ರಮಿಸಿತ್ತು. ಆ ಸಾಧನೆಯ ಫಲವಾಗಿ ಅಂದಿನ ಪ್ರವಾಸದಲ್ಲಿ ಇಬ್ಬರು ಡೋಲುವಾದಕರ ಲಯ ಒಂದೇ ಕೈಯಿಂದ ಹೊರಟಂತಿತ್ತು. ಬಾರ್ಟನ್ ಹಾಲಿನಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ಹಾಡು ಎಲ್ಲಿ ಮುಗಿಯಿತು, ‘ಫೈರ್ ಆನ್ ದಿ ಮೌಂಟನ್’ ಎಲ್ಲಿ ಆರಂಭವಾಯಿತು ಎಂಬುದನ್ನು ಗೆರೆಯೆಳೆದು ತೋರಿಸುವುದು ಕಷ್ಟ. ಕೊನೆಯ ಭಾಗದ ‘ಮಾರ್ನಿಂಗ್ ಡ್ಯೂ’ ಕೇಳಿ ಕಣ್ಣೀರಿಟ್ಟವರುಂಟು. ಹಾಗಿದ್ದರೆ ಮರುದಿನ ಬಫಲೋ ನಗರದಲ್ಲಿ ನಡೆದ ಕಛೇರಿ? ಹಿಂದಿನ ದಿನ ಬಾಸ್ಟನ್ನಿನಲ್ಲಿ ನಡೆದದ್ದು? ತಂಡ ಅದೇ, ತಾಲೀಮು ಅದೇ, ವಾರ ಅದೇ. ಒಂದು ರಾತ್ರಿ ದಂತಕಥೆಯಾಗಿ ಅದರ ಅಕ್ಕಪಕ್ಕದ ರಾತ್ರಿಗಳು ಬರಿಯ ತಾರೀಖುಗಳಾಗಿ ಉಳಿದದ್ದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಿ ಹೋದವನಿಗೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಮಹಿಳೆಯ ಹೆಸರು ಎದುರಾಗುತ್ತದೆ. ಆಕೆ ತಂಡದ ಧ್ವನಿಮುದ್ರಣ ತಜ್ಞೆ. ಗಂಡಸರೇ ತುಂಬಿದ್ದ ಆ ವೃತ್ತಿಯಲ್ಲಿ 1960ರ ದಶಕದ ಕೊನೆಯಿಂದಲೇ ದುಡಿದವರು. ವೇದಿಕೆಯಿಂದ ಬರುವ ಒಂದೊಂದು ವಾದ್ಯದ, ಒಂದೊಂದು ಕಂಠದ ಧ್ವನಿಯನ್ನು ತಮ್ಮ ಕಿವಿಗೆ ಒಪ್ಪುವಂತೆ ಹದಗೊಳಿಸಿ ಆಕೆ ಮುದ್ರಿಸಿದ ಸುರುಳಿಗಳಲ್ಲಿ ಕೇಳುಗನು ವೇದಿಕೆಯ ಮೇಲೆಯೇ ಕುಳಿತ ಅನುಭವವಾಗುತ್ತದೆ. ಅಭಿಮಾನಿಗಳು ಅವನ್ನು ‘ಬೆಟ್ಟಿ ಬೋರ್ಡ್ಸ್’ ಎಂದೇ ಕರೆದರು. 1977ರ ಆ ಮೇ ತಿಂಗಳ ಸುರುಳಿಗಳು ಆಕೆಯವೇ. ಮುಂದೆ ತಂಡದ ಕೆಲಸ ತಪ್ಪಿತು, ಕೈ ಬರಿದಾಯಿತು. ಬಾಡಿಗೆಯ ದಾಸ್ತಾನು ಕೋಣೆಯೊಂದರಲ್ಲಿ ಆಕೆ ಇರಿಸಿದ್ದ ಸಾಮಾನುಗಳೊಡನೆ ಸಾವಿರದಷ್ಟು ಸುರುಳಿಗಳೂ ಇದ್ದವು. ಬಾಡಿಗೆ ಬಾಕಿಯಾಗಿ 1986ರಲ್ಲಿ ಎಲ್ಲವೂ ಹರಾಜಾದವು.

ಕೊಂಡವರು ಬೇರೆ ಬೇರೆ ಜನ. ಸುರುಳಿಗಳು ಹಂಚಿಹೋದವು, ಒಂದು ಭಾಗ ತೇವಕ್ಕೂ ಬೂಷ್ಟಿಗೂ ಸಿಕ್ಕಿ ಕೆಡತೊಡಗಿ, ಸಂಗೀತದ ಮೇಲಿನ ಪ್ರೀತಿಯುಳ್ಳವರು ತಿಂಗಳುಗಟ್ಟಲೆ ಶ್ರಮಿಸಿ ಉಳಿಸಬೇಕಾಯಿತು. ಒಂದು ಭಾಗದ ಪ್ರತಿಗಳು 1980ರ ದಶಕದ ಉತ್ತರಾರ್ಧದಲ್ಲಿ ವಿನಿಮಯದ ದಾರಿ ಹಿಡಿದು ಊರೂರು ಸೇರಿದವು. ಅಲ್ಲಿಯವರೆಗೆ ಗೊರಗೊರ ಸದ್ದಿನ ನಡುವೆ ಕಾರ್ನೆಲ್ ಕಛೇರಿಯನ್ನು ಊಹಿಸಿಕೊಳ್ಳುತ್ತಿದ್ದವರು ಈಗ ಅದನ್ನು ನಿಚ್ಚಳವಾಗಿ ಕೇಳಿದರು. ಅದರ ಕೀರ್ತಿ ಏರತೊಡಗಿದ್ದು ಹೀಗೆ. ಒಬ್ಬಾಕೆ ಕಳೆದುಕೊಂಡದ್ದರಿಂದ ಲಕ್ಷಾಂತರ ಜನರಿಗೆ ಸಂಗೀತ ದೊರೆಯಿತು. ಟೇಪನ್ನು ಹಣಕ್ಕೆ ಮಾರಬಾರದೆಂದು ಇಷ್ಟು ನಿಷ್ಠೆಯಿಂದ ನಡೆದುಕೊಂಡ ಸಮುದಾಯದ ಅತ್ಯಂತ ಪ್ರಿಯವಾದ ಟೇಪು ಹರಾಜಿನ ಕೂಗಿನಿಂದ ಹೊರಬಂದದ್ದು. ಹಂಚಿಕೊಂಡವರಲ್ಲಿ ದೋಷವಿತ್ತೆನ್ನಲಾಗದು, ಅವರಾರೂ ಕಾಸು ಪಡೆಯಲಿಲ್ಲ. ಆದರೂ ‘ಈ ಸುರುಳಿ ಯಾರ ಕೈಯಿಂದ ತಪ್ಪಿ ಬಂತು’ ಎಂದು ಹೊದಿಕೆಯ ಮೇಲೆ ಬರೆದವರು ಎಷ್ಟು ಮಂದಿ? ಎಷ್ಟನೆಯ ಪ್ರತಿ ಎಂಬುದನ್ನು ಬರೆಯುವಷ್ಟು ಎಚ್ಚರವಿದ್ದವರಿಗೆ ಇದೊಂದು ಸಾಲು ಭಾರವಾಗುತ್ತಿರಲಿಲ್ಲ.

ತೀರ್ಪಿನ ದೋಷಕ್ಕೆ ಇನ್ನೊಂದು ನಿದರ್ಶನವುಂಟು. ಡಿಕ್ ಲಾಟ್ವಾಲಾ ಎಂಬ ಅಭಿಮಾನಿ, ಒಂದು ಕಾಲಕ್ಕೆ ಹವಾಯಿ ದ್ವೀಪದಲ್ಲಿ ಮೃಗಾಲಯದ ಕೆಲಸದಲ್ಲಿದ್ದವರು, ಟೇಪು ಸಂಗ್ರಹಿಸುತ್ತ ಸಂಗ್ರಹಿಸುತ್ತ ಕೊನೆಗೆ ತಂಡದ ಧ್ವನಿಭಂಡಾರದ ಪಾಲಕರೇ ಆದರು. 1993ರಲ್ಲಿ ಅವರ ಆಯ್ಕೆಯ ಕಛೇರಿಗಳು ‘ಡಿಕ್ಸ್ ಪಿಕ್ಸ್’ ಎಂಬ ಮಾಲೆಯಾಗಿ ಹೊರಬರತೊಡಗಿದವು. ಅವರು 1999ರಲ್ಲಿ ತೀರಿಕೊಂಡ ಮೇಲೂ ಮಾಲೆ ನಡೆದು 2005ರ ವೇಳೆಗೆ 36 ಸಂಪುಟಗಳಾದವು. ಅವುಗಳಲ್ಲಿ ಕಾರ್ನೆಲ್ ಇಲ್ಲ. ಬಲ್ಲವರೇ ಕೈಬಿಟ್ಟಿದ್ದಾರೆಂದ ಮೇಲೆ ಆ ಕಛೇರಿಯ ಹಿರಿಮೆ ಸುಳ್ಳೆಂದು ವಾದಿಸಲು ಇದು ಸುಲಭವಾದ ಆಯುಧ. ನಿಜಸ್ಥಿತಿ ಬೇರೆ. ಹರಾಜಾದ ಸುರುಳಿ ಭಂಡಾರದಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ಆಯ್ದು ಕೊಡುವುದು ಹೇಗೆ? ಮೌನವನ್ನು ಅಭಿಪ್ರಾಯವೆಂದು ತಿಳಿಯುವ ಈ ತಪ್ಪು ಸಂಗೀತದ ಚರ್ಚೆಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಸಭೆ ಸಮಿತಿಗಳಲ್ಲಿ ಕುಳಿತು ಬಂದವರು ಬಲ್ಲರು.

ಅಂದು ಸಭಾಂಗಣದಲ್ಲಿದ್ದವರ ಮಾತೇ ಪ್ರಮಾಣವೆನ್ನೋಣವೆಂದರೆ ಅಲ್ಲಿಯೂ ತೊಡಕಿದೆ. ಅವರು ಕೇಳಿದ್ದು ಕಲ್ಲುಗೋಡೆಗಳಿಂದ ಮರುದನಿಸಿದ ಸಂಗೀತ, ಕೇಳಿದ್ದು ಒಂದೇ ಬಾರಿ. ಟೇಪಿನವನು ನೂರು ಬಾರಿ ಕೇಳಿದ್ದಾನೆ, ಆದರೆ ಆ ಚಳಿ, ಆ ನೆರೆದ ಜನ, ನೆರೆಯವನ ಉಸಿರು ಅವನಿಗೆ ತಿಳಿಯದು. ವರ್ಷಗಳು ಕಳೆದಂತೆ ಅಲ್ಲಿದ್ದವನೂ ಟೇಪನ್ನೇ ಕೇಳಿ ಕೇಳಿ ತನ್ನ ನೆನಪನ್ನು ತಿದ್ದಿಕೊಂಡಿರುವ ಸಂಭವವಿದೆ. ಅಂತಹ ಕಛೇರಿ ನಡೆದೇ ಇಲ್ಲ, ಎಲ್ಲವೂ ಸರಕಾರದ ಸಂಚು ಎಂಬ ಹಾಸ್ಯವೊಂದು ಈ ಅಭಿಮಾನಿಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಹಾಸ್ಯವೇ ಸರಿ, ಆದರೆ ವಾದದಿಂದ ಬೇಸತ್ತವನೊಬ್ಬನ ಜಾಣತನವೂ ಅದರಲ್ಲಿದೆ.

2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಧ್ವನಿಮುದ್ರಣವನ್ನು ರಾಷ್ಟ್ರದ ಸಂರಕ್ಷಿತ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಹರಾಜಾಗಿದ್ದ ಸುರುಳಿಗಳು ಕೊನೆಗೂ ತಂಡದ ಭಂಡಾರಕ್ಕೆ ಮರಳಿ, ಕಛೇರಿ ನಡೆದು ನಲವತ್ತು ವರ್ಷ ತುಂಬಿದ 2017ರ ಮೇ ತಿಂಗಳಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಅದರೊಡನೆ ನ್ಯೂ ಹೇವನ್, ಬಾಸ್ಟನ್, ಬಫಲೋ ನಗರಗಳ ಅದೇ ವಾರದ ಮೂರು ಕಛೇರಿಗಳನ್ನೂ ಕೂಡಿಸಿದ ಸಂಪುಟವೂ ಹೊರಬಂತು. ನಾಲ್ಕನ್ನೂ ಮುದ್ರಿಸಿದವರು ಬೆಟ್ಟಿಯವರೇ. ಪ್ರತಿಯ ದೋಷ, ಯಂತ್ರದ ಭೇದಗಳ ನೆಪವಿಲ್ಲದೆ ನಾಲ್ಕು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವ ಅವಕಾಶ ವಾದಿಗಳಿಗೆ ಹೀಗೆ ದೊರೆಯಿತು. ಕಾರ್ನೆಲ್ ಪಕ್ಷದವರು ತಮ್ಮ ‘ಮಾರ್ನಿಂಗ್ ಡ್ಯೂ’ವನ್ನು ಬಿಟ್ಟುಕೊಡುವವರಲ್ಲ. ಬಫಲೋ ಪಕ್ಷದವರು ಆ ರಾತ್ರಿ ಆರಂಭದಲ್ಲಿಯೇ ಮೂರು ಕೃತಿಗಳನ್ನು ಬಿಡುವಿಲ್ಲದೆ ಹೆಣೆದು ನುಡಿಸಿದ್ದನ್ನು ಕೇಳಿಸಿ, ಹಿಂದಿನ ದಿನದ್ದಕ್ಕಿಂತ ಇದರಲ್ಲಿ ಕಡಿಮೆಯಾದದ್ದೇನು ತೋರಿಸಿ ಎನ್ನುತ್ತಾರೆ. ಆ ಎರಡು ಸುರುಳಿಗಳನ್ನು ಒಂದೇ ಸಂಜೆ ಪೂರ್ತಿಯಾಗಿ ಕೇಳಿ ಮುಗಿಸಲು ಐದು ಗಂಟೆಯಾದರೂ ಬೇಕು.