ಗೋಣಿಕೊಪ್ಪಲಿನಲ್ಲೊಂದು ವಿಮರ್ಶಕಸಭೆ

ಹುಣಸೂರಿನಿಂದ ಆನೆಚೌಕೂರಿನ ಕಾಡನ್ನು ಹಾದು, ತಿತಿಮತಿಯನ್ನು ದಾಟಿದರೆ ಗೋಣಿಕೊಪ್ಪಲು. ವ್ಯಾಪಾರದ ಊರು, ಪ್ರೇಕ್ಷಣೀಯವೆಂದು ಯಾರೂ ಹೇಳರು. ಆದರೆ ಕಾಫಿಯ ಹೂವು ಉದುರಿ, ಕೊಡವ ಕೌಟುಂಬಿಕ ಹಾಕಿ ಸಮೀಪಿಸಿದಾಗ ಇಲ್ಲಿಯ ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತಿರಬೇಕು.

1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದವರು ಪಾಂಡಂಡ ಕುಟ್ಟಪ್ಪನವರು. ಅಂದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ಒಂದು ಒಕ್ಕ, ಅಂದರೆ ಒಂದು ಮನೆತನ, ಒಂದು ತಂಡ. ಹೆಂಗಸರೂ ಗಂಡಸರೊಡನೆ ಆಡುತ್ತಾರೆ. ಹೊರಗಿನಿಂದ ಆಟಗಾರನನ್ನು ತರುವ ಮಾತಿಲ್ಲ. ಇರುವ ಬಂಧುಗಳಲ್ಲೇ ಆರಿಸಬೇಕು.

ನಾನು ಹೋದ ಸಂಜೆ ಒಂದು ಒಕ್ಕದ ಅಭ್ಯಾಸಪಂದ್ಯ ಮುಗಿದು, ಹಿರಿಯರು ವಿಚಾರಣೆಗೆ ಕುಳಿತಿದ್ದರು. ಮಾಸ್ಕೋದಲ್ಲಿ 1980ರಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯನವರ ನಾಡಿನವರು, ಸುಲಭಕ್ಕೆ ಮೆಚ್ಚುವವರಲ್ಲ! ಬೆಂಗಳೂರಿನಿಂದ ರಜೆ ಹಾಕಿ ಬಂದ ಇಂಜಿನಿಯರಿಗೆ ಹತ್ತೇ ನಿಮಿಷದ ಉಸಿರು. ಬಲಬದಿಯ ತರುಣ ಚೆಂಡನ್ನು ಯಾರಿಗೂ ಕೊಡ. ಎಡಬದಿಯಲ್ಲಿ ಓಡಿದ ಶಾಲಾಬಾಲಿಕೆಯೊಬ್ಬಳನ್ನು ಮಾತ್ರ ಎಲ್ಲರೂ ಹೊಗಳಿದರು.

“ಗೋಲ್‌ಕೀಪರ್ ಆಗದು. ಸೋತರೆ ಮತ್ತೆ ಮುಂದಿನ ವರ್ಷವೇ. ಬದಲಿಸಲೇಬೇಕು,” ಎಂದರು ಹಿರಿಯರೊಬ್ಬರು.

“ಆಗಲಿ ಅಣ್ಣ, ಅತ್ತಿಗೆಗೆ ನೀವೇ ತಿಳಿಸಿ. ನಿಮ್ಮ ಮಗನಲ್ಲವೆ?”

ಹಿರಿಯರು ಕಾಫಿಯ ಲೋಟವನ್ನೆತ್ತಿಕೊಂಡು ರಸ್ತೆಯ ಕಡೆ ನೋಡತೊಡಗಿದರು.